ನಲವತ್ತೇಳನ್ನ ಬಿಡಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ತಾಳಪ್ಪನ ವಿಷಯದಲ್ಲಿ ಮಾತು ಹೋಗುವಾಗ ಒಂದು ವಿಮಾನವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅದೂ ಎರಡೇ ಅಕ್ಷರದ ಮಾತು. ನಾವು ನೀವು ದಿನಕ್ಕೆ ನೂರು ಸಲ ಆಡಿ ಮರೆಯುವಂಥದ್ದು.

ತಾಳಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮಾನ ನಿಲ್ದಾಣದ ಟವರಿನ ಕೆಳಗಿನ ಕೋಣೆಯಲ್ಲಿ ಅವನದು ಸರದಿ ಮೇಜಿನ ಕೆಲಸ. ಮಂಜು ಕವಿದರೆ, ಬಿರುಗಾಳಿ ಎದ್ದರೆ, ಗಂಟೆಗೆ ಮೂವತ್ತು ವಿಮಾನ ಇಳಿಯುವ ಕಡೆ ಆರೋ ಎಂಟೋ ಇಳಿದರೆ ಹೆಚ್ಚು. ಉಳಿದವು ಇಲ್ಲಿಗೆ ಬಂದು ಹದ್ದಿನ ಹಾಗೆ ಗಿರಕಿ ಹೊಡೆಯುತ್ತ ಎಣ್ಣೆ ಸುಡುವುದು ಬೇಡವೆಂದು, ಅವುಗಳನ್ನು ಹೊರಡುವ ಊರಿನಲ್ಲೇ ನೆಲದ ಮೇಲೆ ನಿಲ್ಲಿಸಿ, ನೀನು ಇಷ್ಟು ಗಂಟೆಗೆ ಹೊರಡು, ನೀನು ಅಷ್ಟು ಗಂಟೆಗೆ ಹೊರಡು ಎಂದು ಸರದಿ ಹಂಚಬೇಕು. ಹಂಚುವವನು ಇವನು. ಫೋನು ಮಾಡಿ ಗೋಗರೆದವರಿಗೆಲ್ಲ ಇಪ್ಪತ್ತೆರಡು ವರ್ಷದಿಂದ "ಸ್ವಲ್ಪ ತಾಳಪ್ಪಾ, ತಾಳು" ಎಂದು ಹೇಳಿ ಹೇಳಿ ಆ ಮಾತೇ ಅವನಿಗೆ ಹೆಸರಾಗಿ ಅಂಟಿಕೊಂಡಿತ್ತು.

ಮನುಷ್ಯ ಮಾತಿನ ಮಲ್ಲ. ಒಂಬತ್ತು ಊರಿನ ವಿಮಾನ ನಿಲ್ದಾಣಗಳ ಜೊತೆ ದಿನವಿಡೀ ಫೋನಿನಲ್ಲಿ ಮಾತು. ಯಾವ ಊರಿನ ಅಧಿಕಾರಿಯ ಮಗನಿಗೆ ಜ್ವರ, ಯಾರ ಮನೆಯ ನಲ್ಲಿ ಸೋರುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಒಂದು ತಾಸು ಯಾರೂ ಮಾತಾಡಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಇಂಥವನ ತಲೆಯ ಮೇಲೆ ಕಳೆದ ತಿಂಗಳಿಂದ ಒಂದು ದ್ವೀಪ ತೂಗುತ್ತಿತ್ತು. ಸಮುದ್ರದ ನಟ್ಟ ನಡುವಿನ ದ್ವೀಪ. ಅದರ ಮೇಲೆ ಒಂದು ರನ್‌ವೇ, ಒಂದು ತಗಡಿನ ಕೋಣೆ, ಒಂದು ರೇಡಿಯೋ. ವಾರಕ್ಕೊಂದು ವಿಮಾನ. ಉಳಿದ ಆರು ದಿನ ಬರೀ ಹಕ್ಕಿ. ಇದುವರೆಗೆ ಅಲ್ಲಿಗೆ ಹೋದ ನಾಲ್ವರೂ ವರ್ಷ ತುಂಬುವ ಮೊದಲೇ ಕೈಮುಗಿದು ವಾಪಸು ಬಂದಿದ್ದರು. ಕೊನೆಯವನಂತೂ ಬಂದಿಳಿದ ದಿನ ಟ್ಯಾಕ್ಸಿಯ ಬಾಗಿಲಿಗೆ ನಮಸ್ಕಾರ ಹೇಳಿ, ಮನೆಯಲ್ಲಿ ಎಲ್ಲರೂ ಸೌಖ್ಯವೇ ಎಂದು ವಿಚಾರಿಸಿದ್ದನಂತೆ.

ಈಗ ಆ ಜಾಗಕ್ಕೆ ಈ ಕೋಣೆಯಿಂದ ಒಬ್ಬ ಹೋಗಬೇಕು. ಒಂದೋ ತಾಳಪ್ಪ, ಇಲ್ಲವೇ ಅವನ ಪಕ್ಕದ ಮೇಜಿನ ಬೆಣ್ಣೆ. ಮೇಲಿನವರಿಗೆ ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈಯಾದ್ದರಿಂದ ಅವನಿಗೆ ಆ ಹೆಸರು. ಯಾರು ಹೋಗಬೇಕೆಂದು ಆರಿಸಲು ಮುಖ್ಯ ಕಚೇರಿಯ ನಿರ್ದೇಶಕರೇ ಇವತ್ತು ಖುದ್ದಾಗಿ ಬರುವವರಿದ್ದರು. ಇಬ್ಬರ ಕೆಲಸ ನೋಡಿ, ಕೈಲಾಗದವನನ್ನು ದ್ವೀಪಕ್ಕೆ ಎಸೆಯುತ್ತಾರೆಂದು ಕೋಣೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು.

"ಹೋದ್ರೆ ನೀವೊಬ್ರೇ ಹೋಗಿ" ಎಂದು ಹೆಂಡತಿ ಮೊದಲೇ ಹೇಳಿಯಾಗಿತ್ತು. "ನನ್ನ ಕೆಲಸ, ಮಗಳ ಓದು ಬಿಟ್ಟು ಹಕ್ಕಿ ಎಣಿಸೋಕೆ ನಾನು ಬರಲ್ಲ."

ಆ ದಿನವೇ ಮಂಜು ಕವಿಯಬೇಕೆ! ಬೆಳಗ್ಗೆ ಏಳಕ್ಕೆ ತಾಳಪ್ಪ ಕೆಲಸಕ್ಕೆ ಬಂದಾಗ, ಹೊರಗೆ ಚಾಚಿದ ಕೈ ತನ್ನದೇ ಎಂದು ನಂಬಲು ಸಾಕ್ಷಿ ಬೇಕಿತ್ತು. ರನ್‌ವೇ ಇದೆ ಎಂಬುದು ನೆನಪಿನಿಂದ ಮಾತ್ರ ಗೊತ್ತು. ಅವನು ಸರದಿ ಪಟ್ಟಿ ಬರೆಯಲು ಕೂತ. ಬರೆಯುತ್ತ ಹೋದವನು ಒಂದು ಸಾಲಿಗೆ ಬಂದು ಪೆನ್ನು ಎತ್ತಿದ. ನಿರ್ದೇಶಕರು ಬರುವ ನಲವತ್ತೇಳನೇ ನಂಬರಿನ ವಿಮಾನಕ್ಕೆ ಬಿದ್ದ ಸರದಿ, ಮಧ್ಯಾಹ್ನ ಮೂರೂ ಹತ್ತು. ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ ಯಾವುದೂ ಇರಲಿಲ್ಲ.

ಅದೇ ಊರಿನಿಂದ, ಅದೇ ಕಂಪನಿಯ ಇನ್ನೊಂದು ವಿಮಾನ ಮೂವತ್ತೆರಡು. ಅದರಲ್ಲಿ ಅವನ ಅತ್ತೆ ಬರುತ್ತಿದ್ದರು. ಅದಕ್ಕೆ ತಾನೇ ತಾನಾಗಿ ಹನ್ನೆರಡೂ ಹತ್ತರ ಸರದಿ ಬಿದ್ದಿತ್ತು. ಸದ್ಯ, ಒಂದು ತಲೆನೋವು ಕಮ್ಮಿಯಾಯಿತು ಎಂದು ತಾಳಪ್ಪ ಉಸಿರು ಬಿಟ್ಟ.

ಬೆಣ್ಣೆ ಕುತ್ತಿಗೆ ಉದ್ದ ಮಾಡಿ ಪಟ್ಟಿ ನೋಡಿದ. "ಏನಯ್ಯಾ ಇದು! ಡೈರೆಕ್ಟರ್ ವಿಮಾನಾನ ಬಾಲಕ್ಕೆ ಕಟ್ಟಿದೀಯಲ್ಲೋ! ಮೇಲಕ್ಕೆ ತಳ್ಳು."

"ಸರದಿ ಅಂದ್ರೆ ಸರದಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದನ್ನೂ ಹಿಂದೆ ಮುಂದೆ ಮಾಡಿಲ್ಲ."

"ಹಂಗಾದ್ರೆ ದ್ವೀಪಕ್ಕೆ ಛತ್ರಿ ಇಟ್ಕೋ. ಅಲ್ಲಿ ಮಳೆ ಜಾಸ್ತಿಯಂತೆ" ಎಂದ ಬೆಣ್ಣೆ, ತುಂಬಾ ಕಾಳಜಿಯಿಂದ.

ಎಂಟೂವರೆಗೆ ಟವರಿನ ಮುಖ್ಯಸ್ಥರು ಇಳಿದು ಬಂದರು. ಅವರು ಏನನ್ನೂ ನೇರವಾಗಿ ಹೇಳುವವರಲ್ಲ. "ನಲವತ್ತೇಳು... ಸ್ವಲ್ಪ ನೋಡ್ತೀರಾ?" ಎಂದು ಚಾವಣಿಗೆ ಹೇಳಿ ಹೋದರು. ಒಂಬತ್ತಕ್ಕೆ ಕ್ಯಾಂಟೀನಿನವನು ಕಾಫಿ ಲೋಟ ಇಡುತ್ತ, "ದೊಡ್ಡೋರನ್ನ ಕಾಯಿಸಬಾರದು ಸಾರ್" ಎಂದು ಬುದ್ಧಿ ಹೇಳಿದ. ಹತ್ತಕ್ಕೆ ವಿಮಾನ ಕಂಪನಿಯ ಟೈ ಮ್ಯಾನೇಜರ್ ನುಗ್ಗಿದ. ಕತ್ತಿಗೆ ಟೈ ಬಿಗಿದು ಬಿಗಿದು ಅವನ ಮುಖ ಯಾವಾಗಲೂ ಟೊಮೆಟೊ ಬಣ್ಣ. "ನಮ್ಮ ಎರಡು ವಿಮಾನ ಅಲ್ಲಿ ಕೂತಿವೆ ಸಾರ್! ಯಾವುದಾದ್ರೂ ಒಂದನ್ನ ಬೇಗ ಕಳಿಸಿ" ಎಂದು ಮೇಜು ಗುದ್ದಿದ.

"ತಾಳಪ್ಪಾ, ತಾಳು."

ಮನೆಯಿಂದ ಹೆಂಡತಿಯ ಫೋನಂತೂ ಅರ್ಧ ಗಂಟೆಗೊಂದು. "ರೀ, ಅಮ್ಮ ಆರು ಗಂಟೆಗೇ ಹೋಗಿ ಕೂತಿದ್ದಾರೆ. ಅವರ ವಿಮಾನ ಮೊದಲು ಕಳಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕಾನೂನಿದೆ ಕಣೇ. ಹನ್ನೆರಡೂ ಹತ್ತಕ್ಕೆ ಹೊರಟೇ ಹೊರಡುತ್ತೆ. ನನ್ನ ಮಾತು."

ಇನ್ನು ಆ ಕೋಣೆಯ ಟೆಲಿಫೋನ್ ಅಕ್ಕನ ವಿಷಯ ಹೇಳಬೇಕು. ತಾಳಪ್ಪ ಬಾಯಲ್ಲಿ ಹೇಳಿದ್ದನ್ನು ಬೇರೆ ಊರುಗಳಿಗೆ ಮುಟ್ಟಿಸುವವರು ಅವರು. ನಿವೃತ್ತಿಗೆ ಎಂಟು ತಿಂಗಳು. ಇಡೀ ಸರ್ವಿಸಿನಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ. ಯಾಕೆಂದರೆ ಈ ಕೆಲಸದ ಮೊದಲನೇ ಪಾಠವನ್ನು ಅವರು ಎಂದೂ ಮರೆತಿರಲಿಲ್ಲ. ಯಾರು ಏನು ಹೇಳಿದರೂ ಅದನ್ನು ತಿರುಗಿ ಹೇಳಬೇಕು, ಹೇಳಿದವನು ಹೂಂ ಅನ್ನಬೇಕು, ಆಮೇಲೆಯೇ ಕೆಲಸ. ಅಕ್ಕ ಕ್ಯಾಂಟೀನಿನವನಿಗೂ ಒಂದು ಕಾಫಿಯನ್ನು ಎರಡು ಸಲ ಹೇಳಿಸುತ್ತಿದ್ದರು.

ಹನ್ನೊಂದೂವರೆಗೆ ಮಂಜು ತುಸು ಸಡಿಲವಾಯಿತು. ಫೋನುಗಳು ಹುಚ್ಚೆದ್ದವು. ಒಂಬತ್ತೂ ಊರಿನವರು ಒಟ್ಟಿಗೆ ಬಾಯಿ ಬಡಿದುಕೊಳ್ಳತೊಡಗಿದರು. ತಾಳಪ್ಪನ ಬಲಗಿವಿಯಲ್ಲಿ ಹೆಂಡತಿ, ಎಡಗಿವಿಯ ಹತ್ತಿರ ಬೆಣ್ಣೆ, ಎದುರಿಗೆ ಟೈ ಮ್ಯಾನೇಜರ್. ಅಷ್ಟರಲ್ಲಿ ಆ ಮೂಲೆಯಿಂದ ಅಕ್ಕ ಕೂಗಿದರು.

"ನಲವತ್ತೇಳರದ್ದು ಏನು ಸಾರ್? ಅಲ್ಲಿಯವರು ಜೀವ ತಿಂತಾ ಇದಾರೆ!"

ಬೆಳಗ್ಗಿನಿಂದ ಆ ನಂಬರನ್ನು ಕೇಳಿ ಕೇಳಿ ತಾಳಪ್ಪನ ತಲೆ ಚಿಟ್ಟು ಹಿಡಿದಿತ್ತು. "ಅಯ್ಯೋ, ನಲವತ್ತೇಳನ್ನ ಬಿಡಿ ಅಕ್ಕ ಅತ್ಲಾಗೆ!" ಎಂದ.

ಅದರ ಸುದ್ದಿ ಎತ್ತಬೇಡಿ ಎಂದು ಅವನ ಅರ್ಥ. ಆದರೆ ಸರದಿ ಕೋಣೆಯಲ್ಲಿ ವಿಮಾನವನ್ನು ಬಿಡುವುದು ಎಂದರೆ ಒಂದೇ ಅರ್ಥ. ಅಕ್ಕ ಬೆಚ್ಚಿದರು. ಇಪ್ಪತ್ತೆರಡು ವರ್ಷದ ಹಠ ಈ ಮನುಷ್ಯನಿಗೆ ಈಗ ಬಿಟ್ಟಿತೇ? ಆದರೂ ನಿಯಮ ಮೀರುವವರಲ್ಲ. ತಿರುಗಿ ಕೇಳಿದರು. "ನಲವತ್ತೇಳನ್ನ ಬಿಡಲಾ?"

"ಹ್ಞೂ ಬಿಡಿ, ಬಿಡಿ!"

"ಯಾವ ಸರದಿಯೂ ಖಾಲಿ ಇಲ್ಲ. ಹನ್ನೆರಡೂ ಹತ್ತರ ಮೂವತ್ತೆರಡೂ ಅದೇ ಕಂಪನಿದು. ಅದನ್ನ ಇದರ ಜಾಗಕ್ಕೆ ಹಾಕಿ, ಇದನ್ನ ಅದರ ಜಾಗಕ್ಕೆ ತರಲಾ?"

ಅದೇ ಹೊತ್ತಿಗೆ ಬಲಗಿವಿಯಲ್ಲಿ ಹೆಂಡತಿ, "ಅಮ್ಮ ಇಳಿದ ತಕ್ಷಣ ನೀವೇ ಹೋಗಿ ಕರ್ಕೊಂಡು ಬರ್ತೀರಾ ತಾನೇ?" ಎಂದು ಕೇಳುತ್ತಿದ್ದಳು.

"ಹ್ಞೂ ಹ್ಞೂ, ಹಂಗೇ ಆಗ್ಲಿ" ಎಂದ ತಾಳಪ್ಪ.

ಒಂದು ಹ್ಞೂಂಕಾರಕ್ಕೆ ಇಬ್ಬರು ಹೆಂಗಸರು ನಿಶ್ಚಿಂತರಾದರು.

ಹನ್ನೆರಡೂ ಮುಕ್ಕಾಲಿಗೆ ಮತ್ತೆ ಮನೆಯಿಂದ ಫೋನು ಬಂತು. ಈ ಸಲ ಹೆಂಡತಿ ಕೂಗುತ್ತಿರಲಿಲ್ಲ. ತಣ್ಣಗೆ ಮಾತಾಡುತ್ತಿದ್ದಳು. ಮದುವೆಯಾದವರಿಗೆ ಅದರ ಭಯ ಗೊತ್ತು.

"ಅಮ್ಮನ ವಿಮಾನ ಹೊರಟಿಲ್ಲ. ಬೋರ್ಡಲ್ಲಿ ಮೂರೂ ಹತ್ತು ಅಂತ ಬಂದಿದೆಯಂತೆ. ಅದರ ಬದಲು ಇನ್ಯಾವುದೋ ಹೋಯ್ತಂತೆ, ನಲವತ್ತೇಳು ಅಂತ. ನಿಮ್ಮ ದೊಡ್ಡ ಸಾಹೇಬ್ರು ಬರೋದು ಯಾವುದರಲ್ಲಿ ರೀ?"

ತಾಳಪ್ಪ ಹೌಹಾರಿದ. ಗಣಕದ ಪರದೆಯತ್ತ ನೋಡಿದ. ನಲವತ್ತೇಳು ನೆಲದ ಮೇಲಿರಲಿಲ್ಲ. ಆಕಾಶದಲ್ಲಿ ಅರ್ಧ ದಾರಿಯಲ್ಲಿತ್ತು. ಪಟ್ಟಿಯಲ್ಲಿ ಮೂವತ್ತೆರಡು ಬಾಲಕ್ಕೆ ಹೋಗಿ ಕೂತಿತ್ತು.

"ಅಕ್ಕಾ! ನಲವತ್ತೇಳನ್ನ ಯಾರು ಬಿಟ್ಟಿದ್ದು?"

"ನೀವೇ ಸಾರ್. ಒಂದಲ್ಲ, ಮೂರು ಸಲ ಬಿಡಿ ಅಂದ್ರಿ. ತಿರುಗಿ ಕೇಳಿದೆ, ಹ್ಞೂ ಅಂದ್ರಿ" ಎಂದರು ಅಕ್ಕ. ಮಾತನ್ನೆಲ್ಲ ಸಮಯ ಹಾಕಿ ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು.

"ನಾನು ಹೇಳಿದ್ದು ಆ ಬಿಡಿ ಅಲ್ಲ!"

"ಇಲ್ಲಿ ಇನ್ನೊಂದು ಬಿಡಿ ಇದೆಯಾ ಸಾರ್?"

ಬೆಣ್ಣೆಯ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಭಲೇ ಕಳ್ಳ! ಬೆಳಗ್ಗೆಯಿಂದ ಸರದಿ ಸರದಿ ಅಂತ ಪುರಾಣ ಹೇಳಿ, ನಮ್ಮ ಕಣ್ಣಿಗೆ ಮಣ್ಣೆರಚಿ, ಸ್ವಂತ ಅತ್ತೇನೇ ಹಿಂದಕ್ಕೆ ತಳ್ಳಿ ಸಾಹೇಬ್ರನ್ನ ತರಿಸ್ತಿದೀಯಲ್ಲ! ನನ್ನನ್ನ ಬೆಣ್ಣೆ ಅಂತಾರೆ, ನೀನು ತುಪ್ಪದ ಡಬ್ಬ ಕಣಯ್ಯಾ."

ಅಷ್ಟರಲ್ಲಿ ಮುಖ್ಯಸ್ಥರು ಬಂದು ಅವನ ಬೆನ್ನು ತಟ್ಟಿದರು. ಈ ಸಲ ಚಾವಣಿಗೆ ಹೇಳಲಿಲ್ಲ, ನೇರವಾಗಿ ಅವನ ಮುಖಕ್ಕೇ ಹೇಳಿದರು. "ಭೇಷ್!"

ಸತ್ಯ ಹೇಳಲೆಂದು ತಾಳಪ್ಪ ಬಾಯಿ ತೆರೆದ. ಆಮೇಲೆ ಆ ಭೇಷ್ ಕಿವಿಯೊಳಗೆ ಇಳಿಯಿತು. ಆದದ್ದು ಆಗಿಹೋಯಿತು. ಬೇಕೆಂದು ಮಾಡಿದ್ದಲ್ಲ. ಸಾಹೇಬರು ಮೂರು ತಾಸು ಮೊದಲೇ ಬರುತ್ತಾರೆ, ಖುಷಿಯಾಗುತ್ತಾರೆ, ದ್ವೀಪಕ್ಕೆ ಬೆಣ್ಣೆ ಹೋಗುತ್ತಾನೆ. ಅತ್ತೆಯ ಕಾಲು ಹಿಡಿದರೆ ಆಯಿತು. ಹೀಗೆಲ್ಲ ಲೆಕ್ಕ ಹಾಕಿ, ತೆರೆದ ಬಾಯನ್ನು ಅವನು ಮುಚ್ಚಿಕೊಂಡ. ನಮ್ಮಲ್ಲಿ ಯಾರಾದರೂ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆವು, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಒಂದೂ ಹತ್ತಕ್ಕೆ ನಲವತ್ತೇಳು ಮಂಜನ್ನು ಸೀಳಿಕೊಂಡು ಇಳಿಯಿತು. ಬಾಗಿಲ ಬಳಿ ಮುಖ್ಯಸ್ಥರು, ಅವರ ಹಿಂದೆ ತಾಳಪ್ಪ, ತಾಳಪ್ಪನನ್ನು ಮೊಣಕೈಯಿಂದ ತಿವಿದು ಮುಂದೆ ಬರುತ್ತಿದ್ದ ಬೆಣ್ಣೆ, ಎಲ್ಲರೂ ಹಲ್ಲು ಕಿರಿದು ನಿಂತರು. ಪ್ರಯಾಣಿಕರು ಬಂದರು. ಒಬ್ಬರು, ಇಬ್ಬರು, ಹತ್ತು ಜನ. ಕೈಯಲ್ಲಿ ಕೂಸು ಹಿಡಿದ ಹೆಂಗಸು. ನಿದ್ದೆಗಣ್ಣಿನ ಒಬ್ಬ ಮುದುಕ. ಮೂವತ್ತೊಂದು ಜನ ಆದ ಮೇಲೆ ಗಗನಸಖಿ ಬಂದಳು. ಅವಳ ಹಿಂದೆ ಪೈಲಟ್ ಬಂದು ಬಾಗಿಲು ಎಳೆದುಕೊಂಡ.

"ಡೈರೆಕ್ಟರ್ ಎಲ್ಲಿ?" ಎಂದರು ಮುಖ್ಯಸ್ಥರು. ಅವರ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯುವುದು ಮರೆತುಹೋಗಿತ್ತು.

ಉತ್ತರ ಕೊಟ್ಟವನು ಟೈ ಮ್ಯಾನೇಜರ್. ಅವನು ಓಡಿ ಬಂದ ರಭಸಕ್ಕೆ ಟೈ ಬೆನ್ನಿಗೆ ಹೋಗಿತ್ತು. "ನೂರಾ ಇಪ್ಪತ್ತೆರಡು ಸೀಟು ಸಾರ್! ಬಂದೋರು ಮೂವತ್ತೊಂದು! ಮೂರೂ ಹತ್ತು ಅಂತ ಬೋರ್ಡ್ ನೋಡಿ ಜನ ಎಲ್ಲಾ ಊಟಕ್ಕೆ, ಪೇಟೆಗೆ, ಕ್ಷೌರಕ್ಕೆ ಅಂತ ಹೋಗಿದಾರೆ. ಇದ್ದಕ್ಕಿದ್ದ ಹಾಗೆ ಬಿಟ್ಟಿದೀವಿ, ಈಗಲೇ ಹೊರಡಿ, ಇಲ್ಲದಿದ್ರೆ ಸರದಿ ಹೋಗುತ್ತೆ ಅಂತ ಇಲ್ಲಿಂದ ಫೋನು! ಮಂಜಲ್ಲಿ ಲೇಟಾಗಿ ಹೊರಟ ವಿಮಾನ ಸಾವಿರ ನೋಡಿದೀನಿ. ಮೂರು ಗಂಟೆ ಮುಂಚೆ ಹೊರಟ ವಿಮಾನ ನನ್ನ ಅಪ್ಪನಾಣೆ ಇದೇ ಮೊದಲು!"

"ಅಂದ್ರೆ ಡೈರೆಕ್ಟರ್...?"

"ಹಲ್ಲು ನೋವು ಅಂತ ಡಾಕ್ಟರ ಹತ್ತಿರ ಹೋಗಿದ್ರಂತೆ. ಬರೋ ಹೊತ್ತಿಗೆ ಇದು ಹಾರಿಹೋಗಿದೆ."

ತಾಳಪ್ಪ ಅಲ್ಲೇ ಇದ್ದ ಸಾಮಾನಿನ ಗಾಡಿಯ ಮೇಲೆ ಕುಸಿದು ಕೂತ. ಗಾಡಿ ಅವನನ್ನು ಹೊತ್ತುಕೊಂಡು ನಾಲ್ಕು ಮಾರು ಉರುಳಿ ಗೋಡೆಗೆ ಢಿಕ್ಕಿ ಹೊಡೆಯಿತು. ಯಾರೂ ಎತ್ತಲಿಲ್ಲ.

"ನಲವತ್ತೇಳನ್ನ ಬಿಡಿಸಿದ್ದು ಯಾರು?" ಎಂದು ಕೇಳಿದರು ಮುಖ್ಯಸ್ಥರು, ಬೆನ್ನು ತಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

"ಇವನೇ ಸಾರ್. ಬೇಡ ಬೇಡ ಅಂತ ನಾನು ಬಡ್ಕೊಂಡೆ" ಎಂದ ಬೆಣ್ಣೆ.

ಆಮೇಲಿನ ಎರಡು ಗಂಟೆ ತಾಳಪ್ಪನ ಜೀವ ಅವನ ಹತ್ತಿರ ಇರಲಿಲ್ಲ. ಪೇಟೆಯಿಂದ ವಾಪಸು ಬಂದ ತೊಂಬತ್ತೊಂದು ಜನ ಅಲ್ಲಿ ಕೌಂಟರನ್ನು ಮುತ್ತಿದ್ದರು. ಇಲ್ಲಿ ಹೆಂಡತಿ ಫೋನು ಎತ್ತುತ್ತಿರಲಿಲ್ಲ. ಬೆಣ್ಣೆ ಗುನುಗುತ್ತ ಪೆನ್ಸಿಲ್ ಚೂಪು ಮಾಡುತ್ತಿದ್ದ. ಹೊರಗೆ ಮಂಜು ಪೂರ್ತಿ ಕರಗಿ, ಏನೂ ಆಗೇ ಇಲ್ಲವೆಂಬಂತೆ ಬಿಸಿಲು ಬಿದ್ದಿತ್ತು.

ಮೂರಕ್ಕೆ ಐದು ನಿಮಿಷವಿದ್ದಾಗ ಮುಖ್ಯಸ್ಥರ ಮೇಜಿನ ಫೋನು ಬಡಿಯಿತು. ಅವರು ಎದ್ದು ನಿಂತು ಮಾತಾಡಿದರು. ಆಮೇಲೆ ರಿಸೀವರನ್ನು ಹಾವು ಹಿಡಿದ ಹಾಗೆ ದೂರ ಹಿಡಿದು ತಾಳಪ್ಪನತ್ತ ಚಾಚಿದರು. "ಡೈರೆಕ್ಟರ್. ನಿಮ್ಮ ಹತ್ರಾನೇ ಮಾತಾಡಬೇಕಂತೆ."

ತಾಳಪ್ಪ ರಿಸೀವರ್ ತೆಗೆದುಕೊಂಡ. "ಸಾರ್" ಎಂದ. ಅಥವಾ ಎಂದೆನೆಂದು ಅಂದುಕೊಂಡ.

"ನೀವೇನಾ ನನ್ನ ವಿಮಾನ ಕಳಿಸಿದ್ದು?" ನಿರ್ದೇಶಕರ ಮಾತು ಒಂದು ಕೆನ್ನೆಯಿಂದಷ್ಟೇ ಬರುತ್ತಿತ್ತು. "ಹೆದರಬೇಡಿ. ಆಗ ಬಂದ ಸಿಟ್ಟಿಗೆ ಯಾರನ್ನಾದರೂ ನುಂಗಿಬಿಡ್ತಿದ್ದೆ. ಆದರೆ ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿದ್ರು. ಎರಡು ಗಂಟೆ ಮಾತಾಡಬಾರದು ಅಂದಿದ್ರು. ಸುಮ್ಮನೆ ಒಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ರು, ಅವರ ವಿಮಾನವನ್ನ ಮೂರೂ ಹತ್ತಕ್ಕೆ ತಳ್ಳಿದ್ರಂತೆ. ಅವರು ಮಾತಾಡಿದ್ರು, ನಾನು ಕೇಳಿದೆ. ಎರಡು ಗಂಟೆ. ನನ್ನ ಅಳಿಯ ಅದೇ ಟವರಲ್ಲಿ ಸರದಿ ಮೇಜಲ್ಲಿದಾನೆ ಅಂದ್ರು. ನಿಮ್ಮ ಅತ್ತೆ ಅಂತೆ!"

ಅತ್ತೆ! ತಾಳಪ್ಪನಿಗೆ ಸಿಡಿಲು ಬಡಿದಂತಾಯಿತು. ಹಿಂದಕ್ಕೆ ತಳ್ಳಿಸಿಕೊಂಡ ಅತ್ತೆ, ಬಾಯಿ ಕಟ್ಟಿಸಿಕೊಂಡ ಸಾಹೇಬರು, ಒಂದೇ ಬೆಂಚು. ಮುಗಿಯಿತು ಕತೆ ಎಂದುಕೊಂಡ.

"ಎಷ್ಟು ಹೊಗಳಿದ್ರು ರೀ ನಿಮ್ಮನ್ನ!" ಎಂದರು ನಿರ್ದೇಶಕರು.

ತಾಳಪ್ಪ ಕಣ್ಣು ಬಿಟ್ಟ. ಸತ್ತ ಜೀವ ಮರಳಿ ಬಂತು. ಅತ್ತೆ ಹೊಗಳಿದರೇ? ಆ ಮಹಾತಾಯಿಯನ್ನು ಇಷ್ಟು ವರ್ಷ ತಪ್ಪು ತಿಳಿದಿದ್ದಕ್ಕೆ ಅವನು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ.

"ನನ್ನ ಅಳಿಯ ಬಂಗಾರ ಅಂದ್ರು. ಬಾಯಿಲ್ಲದ ಮನುಷ್ಯ ಅಂದ್ರು. ನಾನು ಹೋಗಿ ಮೂರು ತಿಂಗಳು ಇದ್ರೂ ಮೂರು ಮಾತಾಡಲ್ಲ, ಮೂಲೇಲಿ ಕೂತಿರ್ತಾನೆ, ಇವನನ್ನ ಒಬ್ಬನ್ನೇ ಎಲ್ಲಿ ಬಿಟ್ರೂ ಹಾಯಾಗಿ ಇರ್ತಾನೆ ಅಂದ್ರು."

ಅತ್ತೆ ಮಾತಿಗೆ ಕೂತರೆ ಎದುರಿನವನಿಗೆ ಹ್ಞೂಂ ಅನ್ನಲೂ ಜಾಗ ಸಿಗುವುದಿಲ್ಲವೆಂಬುದು ಎರಡು ಗಂಟೆ ಅನುಭವಿಸಿದ ನಿರ್ದೇಶಕರಿಗೆ ಯಾಕೆ ಹೊಳೆಯಲಿಲ್ಲವೋ! ಪಾಪ, ಬಾಯಲ್ಲಿ ಹತ್ತಿಯಿದ್ದವರಿಗೆ ಜಾಗದ ಅಗತ್ಯವೇ ಬಿದ್ದಿರಲಿಲ್ಲ.

"ನೋಡಿ, ದ್ವೀಪಕ್ಕೆ ಕೆಲಸ ಚೆನ್ನಾಗಿ ಬರೋರು ಬೇಕಾಗಿಲ್ಲ. ವಾರಕ್ಕೊಂದು ವಿಮಾನ ಯಾರು ಬೇಕಾದ್ರೂ ಇಳಿಸ್ತಾರೆ. ಅಲ್ಲಿಗೆ ಮಾತು ಬೇಡದ ಮನುಷ್ಯ ಬೇಕು. ನಾಲ್ಕು ಜನಾನ ಕಳಿಸಿ ಕೈ ಸುಟ್ಕೊಂಡಿದೀನಿ. ಅಂಥವನು ನಮ್ಮ ಇಲಾಖೇಲಿ ಇದಾನೋ ಇಲ್ಲವೋ ಅಂತ ಹುಡುಕೋಕೇ ನಾನು ಹೊರಟಿದ್ದು. ಏನಂತೀರಿ?"

ಏನೆನ್ನಬೇಕು? ಸಾರ್, ನಾನು ವಾಚಾಳಿ, ಮಾತಿಲ್ಲದೆ ಊಟ ಸೇರದವನು, ಒಂಬತ್ತು ಊರಿನವರನ್ನು ಕೇಳಿ ನೋಡಿ ಎಂದು ಕಿರುಚಬೇಕೆಂದುಕೊಂಡ. ಆದರೆ ಆಘಾತಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿಬಿಟ್ಟಿತ್ತು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ, ಫೋನು ಕೈಯಲ್ಲಿದ್ದೂ ತಾಳಪ್ಪ ಅರ್ಧ ನಿಮಿಷ ಸುಮ್ಮನಿದ್ದ.

"ಭೇಷ್! ಈಗಲೂ ಒಂದು ಮಾತಿಲ್ಲ! ಆ ತಾಯಿ ಹೇಳಿದ್ದು ಅಕ್ಷರಶಃ ನಿಜ" ಎಂದರು ನಿರ್ದೇಶಕರು. "ಇನ್ನು ನಾನು ಅಲ್ಲಿಗೆ ಬರೋ ಅಗತ್ಯವೇ ಇಲ್ಲ. ಇಲ್ಲೇ ಸಹಿ ಹಾಕಿ ಆರ್ಡರನ್ನ ನಿಮ್ಮ ಅತ್ತೆಯವರ ಕೈಲೇ ಕೊಟ್ಟಿದೀನಿ. ತಗೊಳ್ಳಿ, ಅವರೂ ಮಾತಾಡ್ತಾರಂತೆ."

ರಿಸೀವರ್ ಕೈ ಬದಲಾಯಿಸಿದ ಸದ್ದಾಯಿತು.

"ಅಳಿಯಂದ್ರೇ!" ಅತ್ತೆಯ ದನಿ ಸಂತೋಷಕ್ಕೆ ನಡುಗುತ್ತಿತ್ತು. "ನನ್ನ ವಿಮಾನ ನೀವು ಯಾಕೆ ಹಿಂದಕ್ಕೆ ಹಾಕಿಸಿದ್ರಿ ಅಂತ ಈಗ ಗೊತ್ತಾಯ್ತು. ನಾನು ಸಾಹೇಬ್ರ ಹತ್ರ ಕೂತು ನಾಲ್ಕು ಒಳ್ಳೆ ಮಾತು ಆಡ್ಲಿ ಅಂತ ಅಲ್ವಾ? ಬಾಯಿ ಬಿಟ್ಟು ಕೇಳೋ ಜೀವ ಅಲ್ಲ ನಿಮ್ದು. ಎಲ್ಲಾ ಆಯ್ತು, ಏನೂ ಯೋಚನೆ ಮಾಡಬೇಡಿ. ಅದೇನೋ ಸಮುದ್ರದ ಮಧ್ಯೆ ದೊಡ್ಡ ಜಾಗವಂತೆ, ಪೂರ್ತಿ ನೀವೇ ಯಜಮಾನರಂತೆ. ಅವರು ಎರಡು ವರ್ಷಕ್ಕೆ ಅಂತ ಬರೆದಿದ್ರು. ನಾನು ಒಪ್ತೀನಾ? ನನ್ನ ಅಳಿಯನಿಗೆ ಬರೀ ಎರಡು ವರ್ಷವಾ ಅಂತ ಪಟ್ಟು ಹಿಡಿದು ಕೂತೆ. ಎರಡನ್ನ ಹೊಡೆದು ಹಾಕಿಸಿ, ಐದು ವರ್ಷ ಮಾಡಿಸಿದೀನಿ!"

ಅಲ್ಲಿ ವಿಮಾನ ಹತ್ತಲು ಕರೆಯುತ್ತಿದ್ದರು. ಉಳಿದದ್ದನ್ನು ಸಂಜೆ ಬಂದು ಹೇಳುತ್ತೇನೆಂದು ಅತ್ತೆ ಫೋನು ಇಟ್ಟರು.